ಹಿತ್ತಲಿನ ತಗಡಿನ ಶೆಡ್ಡಿಗೆ ನೋಟಿಸ್ ಬಂದಿದೆ, ಉಳಿಸಿಕೊಳ್ಳಬಹುದಾ?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ಪುಣೆಯ ಆಂಬೇಗಾವ್ ಬುದ್ರುಕ್‌ನಲ್ಲಿ 30-60ರ ಪ್ಲಾಟಿನಲ್ಲಿ ನಮ್ಮದೇ ಮನೆ ಇದೆ. 2014ರಲ್ಲಿ ಕೊಂಡಿದ್ದು. ಕಲೆಕ್ಟರ್ ಮಂಜೂರಿಯ ಪ್ಲ್ಯಾನ್ ಇದೆ. ಕೆಳಗೆ ಮನೆ, ಮೇಲೆ ಅರ್ಧ ಮಹಡಿ, ಅರ್ಧ ಟೆರೇಸು, ಒಟ್ಟು ಸುಮಾರು 1,400 ಚದರಡಿ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಬಂದರು. ಅವರಿಗೆ ಸುಮ್ನೆ ಕೂತು ಗೊತ್ತಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಇಲ್ಲಿನ ಕನ್ನಡದ ಮನೆಗಳಿಗೆ ಕೊಡಲು ಶುರು ಮಾಡಿದರು. ಅಡುಗೆಮನೆ ಸಾಲಲಿಲ್ಲ. 2022ರ ದೀಪಾವಳಿ ಹೊತ್ತಿಗೆ ನನ್ನ ಗಂಡ ಹಿತ್ತಲಿನಲ್ಲಿ 10-16 ಅಡಿಯ ತಗಡಿನ ಶೆಡ್ ಹಾಕಿಸಿದರು. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಕಂಪೌಂಡ್. 1 ಲಕ್ಷ 35 ಸಾವಿರ ಖರ್ಚಾಯಿತು. ಎಲ್ಲಾ ನಟ್-ಬೋಲ್ಟ್ ಮೇಲೆ ನಿಂತಿದೆ, ಪರವಾನಗಿ ಬೇಡ ಅಂತ ಫ್ಯಾಬ್ರಿಕೇಟರ್ ಹೇಳಿದ್ದ. ಈಗ ಹಿಂದಿನ ಮನೆಯವರು ದೂರು ಕೊಟ್ಟು, ಶೆಡ್ ತೆಗೆಯಿರಿ ಅಂತ ಪಾಲಿಕೆಯಿಂದ ಕಲಂ 53ರ ನೋಟಿಸ್ ಬಂದಿದೆ. 15 ದಿನ ಕೊಟ್ಟಿದ್ದಾರೆ, 4 ದಿನ ಆಗಿಹೋಗಿದೆ. ಒಬ್ಬ ಏಜೆಂಟ್ 70 ಸಾವಿರ ಕೊಟ್ಟರೆ ರೆಗ್ಯುಲರ್ ಮಾಡಿಸುತ್ತೇನೆ ಅನ್ನುತ್ತಾನೆ. ನಮ್ಮ ಮೈದುನ, ಊರಿನ ಹಾಗೆ ಇಲ್ಲೂ ಅಕ್ರಮ-ಸಕ್ರಮ ಬರುತ್ತೆ, ತಡೀರಿ ಅನ್ನುತ್ತಾನೆ. ಕಾಯ್ದೆಯಲ್ಲಿ ಜೈಲು ಅಂತ ಓದಿ ನನಗೆ ನಿದ್ದೆ ಇಲ್ಲ. ಏನು ಮಾಡಲಿ? ಅತ್ತೆಗೆ ಏನು ಹೇಳಲಿ?

ಉತ್ತರ: ಮೊದಲು ನಿದ್ದೆಯ ವಿಷಯ ಮುಗಿಸೋಣ. ನೀವು ಓದಿದ್ದು ಸುಳ್ಳಲ್ಲ. ಮಹಾರಾಷ್ಟ್ರದ 1966ರ ನಗರ ಯೋಜನಾ ಕಾಯ್ದೆ, ಇಲ್ಲಿ ಎಲ್ಲರೂ ಎಂಆರ್‌ಟಿಪಿ ಅನ್ನುತ್ತಾರಲ್ಲ, ಅದರ 52ನೇ ಕಲಂನಲ್ಲಿ ಪರವಾನಗಿ ಇಲ್ಲದೆ ಕಟ್ಟಿದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 2,000ದಿಂದ 5,000 ರೂಪಾಯಿ ದಂಡ ಅಂತಲೇ ಇದೆ. ಆದರೆ ನಾನು ಧಾರವಾಡದಲ್ಲಿ ಸಿವಿಲ್ ಓದಿ ಪುಣೆಗೆ ಬಂದು ಇಪ್ಪತ್ತಾರು ವರ್ಷ ಆಯಿತು. ಹಿತ್ತಲಿನ ಶೆಡ್ಡಿನ ನೋಟಿಸ್ ಹಿಡಿದುಕೊಂಡು ನನ್ನ ಹತ್ತಿರ ಬಂದ ಕುಟುಂಬಗಳು ಬಹಳ. ನೋಟಿಸಿಗೆ ಸರಿಯಾಗಿ ಉತ್ತರ ಕೊಟ್ಟು, ತೆಗೆಯಬೇಕಾದ್ದನ್ನು ತೆಗೆದವರಲ್ಲಿ ಒಬ್ಬರೂ ಜೈಲಿಗೆ ಹೋಗಿದ್ದು ನಾನು ಕಂಡಿಲ್ಲ. ನೋಟಿಸನ್ನು ಡ್ರಾಯರಿನಲ್ಲಿ ಹಾಕಿ ಮರೆತವರಿಗೆ ಮಾತ್ರ ತೊಂದರೆ ದೊಡ್ಡದಾಗಿದೆ. ನಿಮ್ಮ ಕೈಯಲ್ಲಿ ಇನ್ನೂ 11 ದಿನ ಇವೆ. ಅದು ಕಡಿಮೆ ಅಲ್ಲ.

ಈಗ ಕಷ್ಟದ ಮಾತು. ನೀವು ಬರೆದ ಅಳತೆ ನೋಡಿದರೆ ಈ ಶೆಡ್ಡು ಈಗಿರುವ ಹಾಗೆ ಉಳಿಯುವುದಿಲ್ಲ. 70 ಸಾವಿರ ಕೊಟ್ಟರೂ ಇಲ್ಲ, 7 ಲಕ್ಷ ಕೊಟ್ಟರೂ ಇಲ್ಲ. ಒಂದು ಭಾಗ ಉಳಿಯಬಹುದು. ಅತ್ತೆಯವರ ಕೆಲಸವಂತೂ ಖಂಡಿತ ಉಳಿಯುತ್ತದೆ. ಯಾಕೆ ಅಂತ ಹೇಳುತ್ತೇನೆ.

ಫ್ಯಾಬ್ರಿಕೇಟರ್ ಹೇಳಿದ ನಟ್-ಬೋಲ್ಟ್ ಮಾತು ಪುಣೆಯಲ್ಲಿ ಮನೆಮನೆಯಲ್ಲೂ ಕೇಳುತ್ತದೆ. ಅವನು ಮೋಸ ಮಾಡಲು ಹೇಳಿರಲಿಕ್ಕಿಲ್ಲ, ಅವನೂ ಅದನ್ನೇ ನಂಬಿರುತ್ತಾನೆ. ಸಿಮೆಂಟ್ ಇದ್ದರೆ ಕಟ್ಟಡ, ತಗಡು ಇದ್ದರೆ ಕಟ್ಟಡ ಅಲ್ಲ ಅಂತ ಜನರ ಲೆಕ್ಕ. ಕಾಯ್ದೆಯ ಲೆಕ್ಕ ಬೇರೆ. ಯಾವ ಸಾಮಾನಿನಿಂದ ಕಟ್ಟಿದರೂ, ಯಾವ ಉದ್ದೇಶಕ್ಕೆ ಕಟ್ಟಿದರೂ, ಅದರೊಳಗೆ ಜನ ಇದ್ದರೂ ಇಲ್ಲದಿದ್ದರೂ ಅದು ಕಟ್ಟಡವೇ. ಮದುವೆಗೆ ಹಾಕುವ ಶಾಮಿಯಾನಕ್ಕೆ ವಿನಾಯಿತಿ ಇದೆ. ಮಳೆಗಾಲಕ್ಕೆ ಮಾತ್ರ ಹಾಕುವ ತಾತ್ಕಾಲಿಕ ಹೊದಿಕೆಗೂ ಅವಕಾಶ ಇದೆ, ಆದರೆ ಅದಕ್ಕೆ ಮೊದಲೇ ಅನುಮತಿ ತಗೊಳ್ಳಬೇಕು, ಮಳೆ ಮುಗಿದ ಮೇಲೆ ಬಿಚ್ಚಬೇಕು. ಇನ್ನೊಂದು ವಿಷಯ ಗೊತ್ತಾ? ತಾತ್ಕಾಲಿಕ ಅಂತ ವಾದ ಮಾಡಿದರೆ ನಿಮಗೇ ನಷ್ಟ. ಅದೇ ಕಾಯ್ದೆಯ 55ನೇ ಕಲಂ ಪ್ರಕಾರ ಅನುಮತಿ ಇಲ್ಲದ ತಾತ್ಕಾಲಿಕ ರಚನೆಯನ್ನು 15 ದಿನದಲ್ಲಿ ತೆಗೆಯಿರಿ ಅಂತ ನೇರವಾಗಿ ಆದೇಶ ಕೊಡಬಹುದು. 53ರ ಕೆಳಗೆ ನಿಮಗೆ ಅರ್ಜಿ ಹಾಕುವ ಒಂದು ದಾರಿ ಇದೆ. ಅದಕ್ಕೇ ಉತ್ತರ ಬರೆಯುವಾಗ ‘ಇದು ತಾತ್ಕಾಲಿಕ ಶೆಡ್’ ಅಂತ ಬರೆಯಬೇಡಿ.

ನಮ್ಮ ಜಾಗ, ನಮ್ಮ ಹಿತ್ತಲು ಅನ್ನುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಮನೆಗೆ ಹೊಂದಿಕೊಂಡ ಜಾಗವನ್ನು ಮನೆವಾಳ್ತೆಗೆ ಬಳಸಲು ಯಾರ ಪರವಾನಗಿಯೂ ಬೇಡ ಅಂತ 43ನೇ ಕಲಂನಲ್ಲೇ ಇದೆ. ಅಲ್ಲಿ ಹಪ್ಪಳ ಒಣಗಿಸಿ, ಬಟ್ಟೆ ಹರವಿ, ಕರಿಬೇವು ಬೆಳೆಸಿ, ಬೇಸಿಗೆಯ ರಾತ್ರಿ ಮಂಚ ಹಾಕಿ ಮಲಗಿ, ಕೇಳುವವರಿಲ್ಲ. ಆದರೆ ಬಳಸುವುದು ಬೇರೆ, ಕಟ್ಟುವುದು ಬೇರೆ. ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿದ ಕ್ಷಣ ಎರಡನೆಯದು ಶುರುವಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಬಹಳ ಜನ ಕಲಸಿಕೊಳ್ಳುವ ಎರಡು ಲೆಕ್ಕ ಇವೆ. ಒಂದು ಎಫ್‌ಎಸ್‌ಐ, ಇನ್ನೊಂದು ಮಾರ್ಜಿನ್. ಬೆಂಗಳೂರಿನವರು ಎಫ್‌ಎಆರ್, ಸೆಟ್‌ಬ್ಯಾಕ್ ಅನ್ನುತ್ತಾರೆ. ಎಫ್‌ಎಸ್‌ಐ ಅಂದರೆ ಪ್ಲಾಟಿನಲ್ಲಿ ಒಟ್ಟು ಎಷ್ಟು ಕಟ್ಟಬಹುದು ಅನ್ನುವುದು. ಮಾರ್ಜಿನ್ ಅಂದರೆ ಪ್ಲಾಟಿನ ಅಂಚಿನಲ್ಲಿ ಎಷ್ಟು ಖಾಲಿ ಬಿಡಬೇಕು ಅನ್ನುವುದು. ಮಹಾರಾಷ್ಟ್ರದಲ್ಲಿ ಮುಂಬೈ ಬಿಟ್ಟು ಹೆಚ್ಚುಕಡಿಮೆ ಎಲ್ಲ ಕಡೆ 2020ರ ಡಿಸೆಂಬರಿನಿಂದ ಯುಡಿಸಿಪಿಆರ್ ಅನ್ನುವ ಒಂದೇ ನಿಯಮಾವಳಿ ಇದೆ. ಪುಣೆಗೂ ಅದೇ. ಅದರಲ್ಲಿ ಹಳೇ ಪೇಟೆಯ ದಟ್ಟ ಭಾಗ ಬಿಟ್ಟು ಹೊರಗಿನ ಪ್ಲಾಟುಗಳಿಗೆ ಮೂಲ ಎಫ್‌ಎಸ್‌ಐ 1.1. ನಿಮ್ಮದು 1,800 ಚದರಡಿ. ಅಂದರೆ ರಸ್ತೆಗೆ ಜಾಗ ಹೋಗಿಲ್ಲ ಅಂದುಕೊಂಡರೆ 1,980 ಚದರಡಿ ಕಟ್ಟಬಹುದು. ನೀವು ಕಟ್ಟಿರುವುದು ಸುಮಾರು 1,400. ಇನ್ನೂ 580 ಬಾಕಿ. ಶೆಡ್ಡು ಬರೀ 160.

ಏಜೆಂಟ್ ನಿಮಗೆ ತೋರಿಸಿರುವ ಲೆಕ್ಕ ಇದೇ ಇರಬೇಕು. ಎಫ್‌ಎಸ್‌ಐ ಬಾಕಿ ಇದೆ, ದಂಡ ಕಟ್ಟಿದರೆ ಆಯಿತು ಅಂತ. ಆದರೆ ನಿಮ್ಮ ಶೆಡ್ಡಿನ ತೊಡಕು ಎಷ್ಟು ಕಟ್ಟಿದಿರಿ ಅನ್ನುವುದಲ್ಲ, ಎಲ್ಲಿ ಕಟ್ಟಿದಿರಿ ಅನ್ನುವುದು. ಮನೆಯ ಗೋಡೆಯಿಂದ ಕಂಪೌಂಡಿನವರೆಗೆ 10 ಅಡಿ, ಅಂದರೆ 3 ಮೀಟರ್. ಅದು ನಿಮ್ಮ ಪ್ಲ್ಯಾನಿನಲ್ಲಿ ಹಿಂದಿನ ಮಾರ್ಜಿನ್ ಅಂತ ತೋರಿಸಿ ಖಾಲಿ ಬಿಟ್ಟ ಜಾಗ. ಶೆಡ್ಡು ಅದನ್ನು ಈ ತುದಿಯಿಂದ ಆ ತುದಿಗೆ ನುಂಗಿದೆ. ಎಫ್‌ಎಸ್‌ಐ ಎಷ್ಟೇ ಬಾಕಿ ಇದ್ದರೂ ಕಂಪೌಂಡಿಗೆ ಅಂಟಿದ ಆ ಭಾಗ ಸಕ್ರಮ ಆಗುವುದಿಲ್ಲ.

ಮಾರ್ಜಿನ್ ಯಾಕಿದೆ ಅಂತ ಪುಸ್ತಕದ ಮಾತು ಹೇಳುವ ಬದಲು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಧಾಯರಿಯ ಒಂದು ಮನೆಗೆ ಹೋಗಿದ್ದೆ. ನಿಮ್ಮಂಥದ್ದೇ ಶೆಡ್ಡು, ಒಳಗೆ ವಾಷಿಂಗ್ ಮಷಿನ್, ಹಳೇ ಸೋಫಾ, ಎರಡು ಸಿಲಿಂಡರ್. ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯಿತು. ಮನೆಯವರು ಇಲಿ ಸತ್ತಿರಬೇಕು ಅಂತ ಎರಡು ವಾರದಿಂದ ಹುಡುಕುತ್ತಿದ್ದರು. ನಾನು ಮಂಜೂರಾದ ಪ್ಲ್ಯಾನ್ ಬಿಡಿಸಿ ನೋಡಿದೆ. ಸೆಪ್ಟಿಕ್ ಟ್ಯಾಂಕ್ ಗುರುತು ಇದ್ದದ್ದು ಸರಿಯಾಗಿ ಸೋಫಾದ ಕೆಳಗೆ. ಶೆಡ್ ಹಾಕುವಾಗ ನೆಲಕ್ಕೆ ಟೈಲ್ಸ್ ಹಾಕಿ ಮುಚ್ಚಳವನ್ನೇ ಮುಚ್ಚಿಬಿಟ್ಟಿದ್ದರು. ಸೋಫಾ ಸರಿಸಿ, ಟೈಲ್ಸಿನ ಸಂದಿಗೆ ಹಾರೆ ಹಾಕಿ ಎಬ್ಬಿಸಿದಾಗ ಕಪ್ಪು ನೀರು ಮೇಲಕ್ಕೆ ಉಕ್ಕಿತು. ಟ್ಯಾಂಕ್ ತುಂಬಿ ತಿಂಗಳುಗಳೇ ಆಗಿದ್ದವು. ಗ್ಯಾಸ್ ಹೋಗಲು ದಾರಿ ಇರಲಿಲ್ಲ. ಎರಡು ಮಾರು ದೂರದಲ್ಲಿ ಅಡುಗೆ ಸಿಲಿಂಡರ್. ಖಾಲಿ ಮಾಡುವ ಗಾಡಿಯ ಪೈಪ್ ಒಳಗೆ ಹೋಗಲಿಕ್ಕೂ ಜಾಗ ಇರಲಿಲ್ಲ, ಪಕ್ಕದ ಮನೆಯ ಗೋಡೆಯ ಮೇಲಿಂದ ತರಬೇಕಾಯಿತು.

ನಿಮ್ಮ ಹಿತ್ತಲಿನಲ್ಲಿ ಟ್ಯಾಂಕ್ ಎಲ್ಲಿದೆ ಅಂತ ಇವತ್ತೇ ಪ್ಲ್ಯಾನಿನಲ್ಲಿ ನೋಡಿ. ಆ ಸುತ್ತಿನ ಮನೆಗಳಲ್ಲಿ ಅದು ಹೆಚ್ಚಾಗಿ ಹಿಂದಿನ ಮಾರ್ಜಿನ್‌ನಲ್ಲೇ ಇರುತ್ತದೆ. ಶೆಡ್ಡಿನ ಕೆಳಗೆ ಇದ್ದರೆ ನೋಟಿಸ್ ಆಮೇಲೆ, ಮೊದಲು ಒಲೆ ಹೊರಗೆ ತನ್ನಿ. ಇದನ್ನು ನಾನು ಹೆದರಿಸಲು ಹೇಳುತ್ತಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ಅಲ್ಲಿ ಉರಿಯ ಮುಂದೆ ಕೂರುವವರು ನಿಮ್ಮ ಅತ್ತೆ. ಅವರ ಪ್ರಾಣದ ಪ್ರಶ್ನೆ ಇದು.

ಹಾಗೆಯೇ ಕರೆಂಟು. ತಗಡಿನ ಶೆಡ್ಡಿಗೆ ಮನೆಯಿಂದ ಒಂದು ವೈರ್ ಎಳೆದು ಬಲ್ಬು, ಮಿಕ್ಸರ್, ಹಿಟ್ಟಿನ ಗಿರಣಿ ಹಾಕಿಕೊಂಡಿರುತ್ತಾರೆ. ವೈರಿನ ಮೇಲ್ಪದರ ಎಲ್ಲೋ ಸವೆದು ತಗಡಿಗೆ ತಾಗಿದರೆ ಇಡೀ ಶೆಡ್ಡಿಗೇ ಕರೆಂಟು. ಮಳೆಗಾಲದಲ್ಲಿ ಒದ್ದೆ ಕಾಲಲ್ಲಿ ಕಂಬ ಮುಟ್ಟಿದವರು ಬದುಕುವುದು ಕಷ್ಟ. ಶೆಡ್ಡು ನಿಂತಿರುವ ದಿನಗಳವರೆಗಾದರೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಇದೆಯಾ, ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಇಲ್ಲದಿದ್ದರೆ ಆ ವೈರನ್ನು ಇವತ್ತೇ ಬಿಚ್ಚಿಸಿ.

ಹಿಂದಿನ ಮನೆಯವರ ಮೇಲೆ ನಿಮಗೆ ಸಿಟ್ಟಿರಬಹುದು. ಒಂದು ಸಲ ಅವರ ಅಂಗಳದಲ್ಲಿ ನಿಂತು ನೋಡಿ. ತಗಡಿನ ಇಳಿಜಾರು ಯಾವ ಕಡೆ ಇದೆ? ಕಂಪೌಂಡಿನ ಕಡೆ ಇದ್ದರೆ 160 ಚದರಡಿಯ ಮಳೆನೀರು ಅಷ್ಟೂ ಅವರ ಗೋಡೆಯ ಬುಡಕ್ಕೆ ಬೀಳುತ್ತದೆ. ಎರಡು ಮಳೆಗಾಲ ಹಾಗೆ ಬಿದ್ದರೆ ಒಳಗೆ ಗಿಲಾವು ಉಬ್ಬಿ ಉಪ್ಪು ಹೂ ಬಿಟ್ಟಂತೆ ಉದುರುತ್ತದೆ. ನಾನು ನೋಡಿದ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿನದ್ದೇ. ಉಳಿದದ್ದು ಹೊಗೆ, ಸದ್ದು. ಹೋಗಿ ಮಾತಾಡಿ, ನೀರಿಗೆ ಇವತ್ತೇ ಒಂದು ಗಟರ್ ಪಟ್ಟಿ ಹಾಕಿಸಿ. ಒಂದು ಮಾತು ತಿಳಿದಿರಲಿ, ಅವರು ದೂರು ವಾಪಸ್ ತಗೊಂಡರೂ ನೋಟಿಸ್ ಹೋಗುವುದಿಲ್ಲ. ಅದು ನಿಮ್ಮ ಮತ್ತು ಪಾಲಿಕೆಯ ನಡುವಿನ ವಿಷಯ ಈಗ. ಮಾತಾಡಿ ಅನ್ನುತ್ತಿರುವುದು ಮುಂದೆ ಇಪ್ಪತ್ತು ವರ್ಷ ಅದೇ ಕಂಪೌಂಡಿನ ಆಚೆಈಚೆ ಬದುಕಬೇಕಲ್ಲ, ಅದಕ್ಕೆ.

ಮೈದುನರ ಅಕ್ರಮ-ಸಕ್ರಮದ ಮಾತಿಗೆ ಬರೋಣ. ಊರಿನ ಅಕ್ರಮ-ಸಕ್ರಮಕ್ಕೇ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು ಅವರಿಗೆ ನೆನಪಿರಬೇಕು. ಮಹಾರಾಷ್ಟ್ರದಲ್ಲೂ ಅಂಥ ಬಾಗಿಲುಗಳು ಆಗಾಗ ತೆರೆದಿವೆ, ಇಲ್ಲ ಅನ್ನುವುದಿಲ್ಲ. ಎಂಆರ್‌ಟಿಪಿಗೆ 2017ರಲ್ಲಿ 52-ಎ ಅಂತ ಒಂದು ಕಲಂ ಸೇರಿಸಿದರು. ಅದು 2015ರ ಡಿಸೆಂಬರ್ 31ರೊಳಗೆ ಕಟ್ಟಿದ್ದಕ್ಕೆ. ಗುಂಠೆವಾರಿ ಕಾಯ್ದೆ ಇದೆ, ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ಜಾಗಗಳಿಗೆ. ಅದರ ಕೊನೆಯ ದಿನಾಂಕವನ್ನು 2020ರ ಡಿಸೆಂಬರ್ 31ಕ್ಕೆ ತಂದರು. ನಿಮ್ಮ ಪ್ಲಾಟು ಮಂಜೂರಿ ಇರುವ ಲೇಔಟಿನದ್ದು, ಶೆಡ್ಡು 2022ರದ್ದು. ಎರಡರಲ್ಲೂ ನೀವು ಬರುವುದಿಲ್ಲ. ಮುಂದೆ ಯಾವುದೋ ಚುನಾವಣೆಯ ಮುಂಚೆ ಇನ್ನೊಂದು ಬರಬಹುದು ಅಂತ ಕಾಯುವುದಾದರೆ, ನೋಟಿಸಿನ ಗಡಿಯಾರ ನಿಮಗೋಸ್ಕರ ನಿಲ್ಲುವುದಿಲ್ಲ.

ಇಷ್ಟು ವರ್ಷ ಯಾರೂ ಕೇಳಲಿಲ್ಲ, ಈಗ ಹೇಗೆ ಕೇಳುತ್ತಾರೆ ಅನ್ನುವ ವಾದವೂ ನಿಲ್ಲುವುದಿಲ್ಲ. ಮೇರಠ್‌ನ ಒಂದು ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕಾಲ ಕಳೆದ ಮಾತ್ರಕ್ಕೆ, ಹಣ ಹಾಕಿದ ಮಾತ್ರಕ್ಕೆ, ಅಧಿಕಾರಿಗಳು ಸುಮ್ಮನಿದ್ದ ಮಾತ್ರಕ್ಕೆ ಅಕ್ರಮ ಕಟ್ಟಡ ಸಕ್ರಮ ಆಗುವುದಿಲ್ಲ. ಅಲ್ಲಿ ಮಾತು ಇದ್ದದ್ದು ವಾಸದ ಪ್ಲಾಟಿನಲ್ಲಿ ಕಟ್ಟಿದ ಅಂಗಡಿಗಳದ್ದು, ಆದರೆ ತತ್ವ ನಿಮ್ಮ ಶೆಡ್ಡಿಗೂ ಅದೇ. ಮಿಳ್ಕತ್ ಕರ, ಅಂದರೆ ಆಸ್ತಿ ತೆರಿಗೆ ಕಟ್ಟಿದ ಪಾವತಿ ಇದೆ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಪಾಲಿಕೆ ಅಕ್ರಮ ಕಟ್ಟಡಕ್ಕೂ ತೆರಿಗೆ ಹಾಕುತ್ತದೆ, ಜೊತೆಗೆ ಮಹಾನಗರ ಪಾಲಿಕೆ ಕಾಯ್ದೆಯ 267-ಎ ಕಲಂ ಪ್ರಕಾರ ತೆರಿಗೆಯ ಎರಡು ಪಟ್ಟಿನವರೆಗೆ ದಂಡವನ್ನೂ ವರ್ಷವರ್ಷ ಹಾಕಬಹುದು. ಅದನ್ನು ಕಟ್ಟಿದರೂ ಕಟ್ಟಡ ಸಕ್ರಮ ಅಂತ ಅರ್ಥ ಅಲ್ಲ.

ನಿಮ್ಮ ಕಡೆ ಇನ್ನೊಂದು ಗೊಂದಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ಆಂಬೇಗಾವ್, ಧಾಯರಿ, ಉಂಡ್ರಿ ಹೀಗೆ 11 ಹಳ್ಳಿಗಳು 2017ರಲ್ಲಿ ಪುಣೆ ಪಾಲಿಕೆಗೆ ಸೇರಿದವು. 2021ರಲ್ಲಿ ಇನ್ನೂ 23 ಸೇರಿದವು. ಅದಕ್ಕೂ ಮೊದಲು ಗ್ರಾಮ ಪಂಚಾಯಿತಿಯ ಒಂದು ಚೀಟಿ ಇದ್ದರೆ ಸಾಕು ಅಂತ ಜನ ಕಟ್ಟುತ್ತಿದ್ದರು. ನಿಮ್ಮ ಮನೆಗೆ ಕಲೆಕ್ಟರ್ ಮಂಜೂರಿ ಇದೆ, ಅದು ದೊಡ್ಡ ಆಸ್ತಿ. ಅಕ್ಕಪಕ್ಕದ ಬಹಳ ಮನೆಗಳಿಗೆ ಅದು ಇರುವುದಿಲ್ಲ. ಅದಕ್ಕೇ ‘ಅವರ ಶೆಡ್ ಇಲ್ವಾ, ಇವರ ಶೆಡ್ ಇಲ್ವಾ’ ಅಂತ ಉತ್ತರದಲ್ಲಿ ಬರೆಯಬೇಡಿ. ಅವರದ್ದು ಇದ್ದರೆ ನಿಮ್ಮದು ಉಳಿಯಬೇಕು ಅಂತ ಯಾವ ಕೋರ್ಟೂ ಒಪ್ಪುವುದಿಲ್ಲ. ನೆರೆಹೊರೆ ಮಾತ್ರ ಕೆಡುತ್ತದೆ.

ಈಗ ಏನು ಮಾಡಬೇಕು ಅಂತ.

ನಾಳೆಯೇ ಲೈಸೆನ್ಸ್ ಇರುವ ಒಬ್ಬ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಹತ್ತಿರ ಹೋಗಿ. ಏಜೆಂಟ್ ಅಲ್ಲ, ಡ್ರಾಯಿಂಗ್ ಮೇಲೆ ತನ್ನ ಹೆಸರು, ನೋಂದಣಿ ಸಂಖ್ಯೆ ಹಾಕಿ ಸಹಿ ಮಾಡುವವರು. ಮಂಜೂರಾದ ಪ್ಲ್ಯಾನ್, ಭೋಗವಟಾ ಪತ್ರ (ಕಟ್ಟಿದ ಮನೆಯಲ್ಲಿ ವಾಸಿಸಲು ಕೊಡುವ ಪ್ರಮಾಣಪತ್ರ), ಸಾತ್‌ಬಾರಾ ಉತಾರ (ನಮ್ಮ ಕಡೆಯ ಪಹಣಿ), ತೆರಿಗೆ ಪಾವತಿ, ನೋಟಿಸ್ ಐದನ್ನೂ ತಗೊಂಡು ಹೋಗಿ. ಪ್ಲ್ಯಾನ್ ಕಳೆದಿದ್ದರೆ ಮಾಹಿತಿ ಹಕ್ಕಿನಲ್ಲಿ ನಕಲು ಸಿಗುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಅಷ್ಟರಲ್ಲಿ ಅರ್ಜಿ ಹಾಕಿದ ರಸೀದಿಯನ್ನಾದರೂ ಉತ್ತರದ ಜೊತೆ ಲಗತ್ತಿಸಿ.

ಅವರ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ಈಗಿನ ಯುಡಿಸಿಪಿಆರ್ ಪ್ರಕಾರ ನನ್ನ ಪ್ಲಾಟಿಗೆ ಹಿಂದೆ ಎಷ್ಟು ಮಾರ್ಜಿನ್ ಬೇಕು? ಇದು ಪ್ಲಾಟಿನ ವಿಸ್ತೀರ್ಣ, ಮುಂದಿನ ರಸ್ತೆಯ ಅಗಲ, ಮನೆ ಯಾವ ಬಗೆಯದ್ದು ಅನ್ನುವುದರ ಮೇಲೆ ನಿಂತಿದೆ. ಸಣ್ಣ ಪ್ಲಾಟುಗಳಿಗೆ ಈಗಿನ ನಿಯಮದಲ್ಲಿ ಹಳೇ ಪ್ಲ್ಯಾನಿಗಿಂತ ಕಡಿಮೆ ಮಾರ್ಜಿನ್ ಸಾಕಾಗಬಹುದು. ಉದಾಹರಣೆಗೆ 1.5 ಮೀಟರ್ ಬಿಟ್ಟರೆ ಸಾಕು ಅಂತ ಬಂತು ಅಂದುಕೊಳ್ಳಿ. ಆಗ ಕಂಪೌಂಡಿನಿಂದ 5 ಅಡಿ ಖಾಲಿ ಮಾಡಬೇಕು, ಮನೆಯ ಗೋಡೆಗೆ ಅಂಟಿದ 5 ಅಡಿಯನ್ನು ಮನೆಯದ್ದೇ ವಿಸ್ತರಣೆ ಅಂತ ಪರಿಷ್ಕೃತ ಪ್ಲ್ಯಾನಿನಲ್ಲಿ ತೋರಿಸಿ ಅರ್ಜಿ ಹಾಕಬಹುದು. 5 ಅಡಿ ಅಗಲ, 16 ಅಡಿ ಉದ್ದ. ರೊಟ್ಟಿ ಬಡಿಯುವ ಕಟ್ಟೆ, ಎರಡು ಒಲೆ, ಒಂದು ಕಪಾಟು ಹಿಡಿಯುತ್ತದೆ.

ಕಲಂ 53ರಲ್ಲಿ ನಿಮಗೆ ಸಿಗುವ ರಕ್ಷಣೆ ಇಲ್ಲೇ ಇದೆ. ನೋಟಿಸಿನಲ್ಲಿ ಕೊಟ್ಟ ಅವಧಿಯೊಳಗೆ, ಉಳಿಸಿಕೊಳ್ಳಲು ಅನುಮತಿ ಕೊಡಿ ಅಂತ 44ನೇ ಕಲಂ ಪ್ರಕಾರ ಅರ್ಜಿ ಹಾಕಿದರೆ, ಆ ಅರ್ಜಿ ತೀರ್ಮಾನ ಆಗುವವರೆಗೆ ನೋಟಿಸ್ ಒಂದರ ಆಧಾರದ ಮೇಲೆ ಒಡೆಯುವ ಹಾಗಿಲ್ಲ. ಅವಧಿ ಮುಗಿದ ಮರುದಿನ ಹಾಕಿದರೆ ಈ ರಕ್ಷಣೆ ಇಲ್ಲ. ಅದಕ್ಕೇ ದಿನ ಎಣಿಸಿ ಅನ್ನುತ್ತಿರುವುದು. ಆದರೆ ಪೂರ್ತಿ 10 ಅಡಿಗೂ ಅರ್ಜಿ ಹಾಕಬೇಡಿ. ಕೆಲವರು ಅರ್ಜಿ ಹಾಕಿ ಕಾಲ ತಳ್ಳೋಣ ಅನ್ನುತ್ತಾರೆ. ನಿಯಮದಲ್ಲಿ ಕೂರದ್ದಕ್ಕೆ ಹಾಕಿದ ಅರ್ಜಿ ತಿರಸ್ಕಾರ ಆಗುತ್ತದೆ, ಆಮೇಲೆ ಪಾಲಿಕೆಯವರೇ ಬಂದು ತೆಗೆಯುತ್ತಾರೆ, ಅದರ ಖರ್ಚನ್ನೂ ನಿಮ್ಮಿಂದಲೇ ವಸೂಲು ಮಾಡುತ್ತಾರೆ. ಜೆಸಿಬಿ ಬಂದರೆ ನಿಮ್ಮ 1 ಲಕ್ಷ 35 ಸಾವಿರದ ಸಾಮಾನು ಗುಜರಿಯಾಗುತ್ತದೆ. ನೀವೇ ಬಿಚ್ಚಿಸಿದರೆ ತಗಡು, ಪೈಪು ಎಲ್ಲ ಇಡಿಯಾಗಿ ಉಳಿಯುತ್ತದೆ.

ಉತ್ತರವನ್ನು ಮರಾಠಿಯಲ್ಲಿ ಬರೆಸಿ, ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಪೋಚ್, ಅಂದರೆ ದಿನಾಂಕದ ಶಿಕ್ಕೆ ಹಾಕಿಸಿಕೊಳ್ಳಿ. ಅದರಲ್ಲಿ ಮೂರು ವಿಷಯ ಇದ್ದರೆ ಸಾಕು: ಮಾರ್ಜಿನ್‌ನಲ್ಲಿರುವ ಭಾಗವನ್ನು ಇಂಥ ದಿನಾಂಕದೊಳಗೆ ನಾವೇ ತೆಗೆಯುತ್ತೇವೆ, ನಿಯಮದಲ್ಲಿ ಕೂರುವ ಭಾಗಕ್ಕೆ ಪರಿಷ್ಕೃತ ಪ್ಲ್ಯಾನ್ ಸಲ್ಲಿಸುತ್ತಿದ್ದೇವೆ, ನಮಗೆ ಖುದ್ದು ವಿಚಾರಣೆ ಕೊಡಿ. ವಿಚಾರಣೆ ಕೇಳುವುದು ನಿಮ್ಮ ಹಕ್ಕು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ಹಾಗೆ ಸೂಚನೆ ಕೊಟ್ಟಿದೆ. ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ಅದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ಮಾಲೀಕರ ಮಾತು ಕೇಳಿ, ಕಾರಣ ಬರೆದು ಆದೇಶ ಮಾಡಬೇಕು. ಆದೇಶದ ಮೇಲೆ ಮತ್ತೆ 15 ದಿನ ಕಾಯಬೇಕು, ಮಾಲೀಕರೇ ತೆಗೆಯಲು ಅಥವಾ ಮೇಲಿನವರ ಹತ್ತಿರ ಹೋಗಲು. ರಸ್ತೆ, ಫುಟ್‌ಪಾತ್, ರೈಲು ಹಳಿ, ನದಿ-ನೀರಿನ ಜಾಗದ ಮೇಲೆ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ನಿಮ್ಮ ಹಿತ್ತಲಿನ ಪಕ್ಕ ನಾಲೆ ಏನೂ ಇಲ್ಲ ತಾನೆ? ಇದ್ದರೆ ನನ್ನ ಸಲಹೆ ಬದಲಾಗುತ್ತದೆ, ಆಗ ಅರ್ಜಿಯ ಮಾತೇ ಬೇಡ, ತಕ್ಷಣ ತೆಗೆಯಿರಿ. 2019ರ ಸೆಪ್ಟೆಂಬರಿನಲ್ಲಿ ಪುಣೆಯ ಆಂಬಿಲ್ ಓಢಾ ಅನ್ನುವ ನಾಲೆ ಉಕ್ಕಿ ಏನಾಯಿತು ಅಂತ ನಿಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಕೋರ್ಟಿಗೆ ಹೋಗೋಣ ಅಂತ ಯಾರಾದರೂ ಅಂದರೆ, ಸಿವಿಲ್ ಕೋರ್ಟಿನಲ್ಲಿ ಈ ನೋಟಿಸನ್ನು ಪ್ರಶ್ನಿಸಲು 149ನೇ ಕಲಂ ಅಡ್ಡ ಬರುತ್ತದೆ. ಉಳಿಯುವುದು ಹೈಕೋರ್ಟ್. 160 ಚದರಡಿಯ ತಗಡಿಗೆ ವಕೀಲರ ಫೀಜು ಕೊಡುವುದು ನನಗೆ ಸರಿ ಕಾಣುವುದಿಲ್ಲ. ವಿಚಾರಣೆಯೇ ಕೊಡದೆ ಒಡೆಯಲು ಬಂದರೆ ಮಾತ್ರ ಆ ದಾರಿ.

70 ಸಾವಿರದ ಮಾತು. ಆ ಏಜೆಂಟನನ್ನು ಒಂದು ಪ್ರಶ್ನೆ ಕೇಳಿ: ಯಾವ ಕಲಂನಲ್ಲಿ ರೆಗ್ಯುಲರ್ ಮಾಡಿಸುತ್ತೀಯಾ, ಯಾವ ಹೆಸರಿನಲ್ಲಿ ಪಾವತಿ ಕೊಡುತ್ತೀಯಾ? ಸರ್ಕಾರಿ ಶುಲ್ಕ, ದಂಡ ಯಾವುದಿದ್ದರೂ ಚಲನ್ ಮೂಲಕ ಪಾಲಿಕೆಯ ಖಾತೆಗೇ ಹೋಗುತ್ತದೆ, ರಸೀದಿ ಬರುತ್ತದೆ. ಕೈಗೆ ಕೊಡುವ ಹಣಕ್ಕೆ ರಸೀದಿ ಇಲ್ಲ, ಆ ಹಣ ಸಕ್ರಮ ಮಾಡುವುದೂ ಇಲ್ಲ. ನನ್ನ ಹತ್ತಿರ ಬಂದ ಒಂದು ಕುಟುಂಬ ಹೀಗೆ 50 ಸಾವಿರ ಕೊಟ್ಟು ಒಂದು ಕಾಗದ ಇಟ್ಟುಕೊಂಡಿತ್ತು. ಮನೆ ಮಾರುವಾಗ ಬ್ಯಾಂಕಿನ ವಕೀಲರು ಅದನ್ನು ಎರಡು ನಿಮಿಷದಲ್ಲಿ ಬದಿಗಿಟ್ಟರು. ಅದು ಬರೀ ಅರ್ಜಿಯ ಜೆರಾಕ್ಸ್ ಆಗಿತ್ತು.

ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ಹಿತ್ತಲನ್ನು ಬಿಟ್ಟು ಮೇಲಕ್ಕೆ ನೋಡುತ್ತಿದ್ದೆ. ಬಾಕಿ ಇರುವ 580 ಚದರಡಿ ಎಫ್‌ಎಸ್‌ಐ ನಿಜವಾಗಿ ಕೆಲಸಕ್ಕೆ ಬರುವುದು ಟೆರೇಸಿನಲ್ಲಿ. ಅಲ್ಲಿ ಕೆಳಗಿನ ಮನೆಯ ಗೋಡೆಯ ಮೇಲೇ ಕಟ್ಟುವುದರಿಂದ ಮಾರ್ಜಿನ್ ಮುಟ್ಟುವುದಿಲ್ಲ. 12-16 ಅಡಿಯ ಒಂದು ಅಡುಗೆ ಕೋಣೆ, ಎರಡು ಕಡೆ ಕಿಟಕಿ. ಏಪ್ರಿಲ್ ತಿಂಗಳಲ್ಲಿ ತಗಡಿನ ಕೆಳಗೆ ಬೆವರುವುದು ತಪ್ಪುತ್ತದೆ. ಇದಕ್ಕೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಕಂಬ, ಪಾಯ ನೋಡಿ ಭಾರ ತಡೆಯುತ್ತದೆ ಅಂತ ಬರೆದುಕೊಡಬೇಕು. ಪ್ಲ್ಯಾನ್ ಮಂಜೂರಾಗಿ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್, ಅಂದರೆ ಕೆಲಸ ಶುರು ಮಾಡುವ ಪರವಾನಗಿ ಕೈಗೆ ಬಂದ ಮೇಲೇ ಮೊದಲ ಇಟ್ಟಿಗೆ. ಕೆಲಸ ಮುಗಿದ ಮೇಲೆ ಭೋಗವಟಾ ಪತ್ರ. ಖರ್ಚು ಶೆಡ್ಡಿಗಿಂತ ಜಾಸ್ತಿ, ನಿಜ. ಅತ್ತೆಯವರ ಮೊಣಕಾಲು ಹೇಗಿದೆ ಅಂತ ನೋಡಿಕೊಳ್ಳಿ, ಮೆಟ್ಟಿಲು ಹತ್ತುವುದು ಕಷ್ಟ ಇದ್ದರೆ ಕೆಳಗಿನ 5 ಅಡಿಯೇ ಒಳ್ಳೆಯದು, ಇಲ್ಲವೇ ಟೆರೇಸಿನ ಕೋಣೆಗೆ ನಿಮ್ಮ ಮಲಗುವ ಕೋಣೆ ಸಾಗಿಸಿ, ಕೆಳಗಿನ ಕೋಣೆಯನ್ನು ಅಡುಗೆಗೆ ಬಿಡಿ.

ರೊಟ್ಟಿ ವ್ಯಾಪಾರದ ಬಗ್ಗೆ ನೀವು ಕೇಳಿಲ್ಲ, ಆದರೆ ವಿಚಾರಣೆಯಲ್ಲಿ ಆ ಪ್ರಶ್ನೆ ಬರಬಹುದು. ಮನೆಯವರೇ ಮನೆಯಲ್ಲಿ ಮಾಡುವ ಸಣ್ಣ ಗೃಹೋದ್ಯೋಗಕ್ಕೆ ವಾಸದ ವಲಯದಲ್ಲಿ ಅಡ್ಡಿ ಇಲ್ಲ. ನಾಲ್ಕು ಆಳು ಇಟ್ಟು, ಬೋರ್ಡು ಹಾಕಿ, ಗಾಡಿ ನಿಲ್ಲಿಸಿ ಮಾಡಿದರೆ ಅದು ಬೇರೆಯೇ ಆಗುತ್ತದೆ. ತಿನ್ನುವ ಪದಾರ್ಥ ಮಾರುವುದರಿಂದ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ, ಸಣ್ಣ ಪ್ರಮಾಣದವರಿಗೆ ಅದು ಸುಲಭ, ಆನ್‌ಲೈನಿನಲ್ಲೇ ಆಗುತ್ತದೆ. ಆದರೆ ವಿಳಾಸದಲ್ಲಿ ಮನೆಯ ಅಡುಗೆಮನೆ ಬರೆಯಿರಿ, ಶೆಡ್ಡು ಬರೆಯಬೇಡಿ.

ಬಿಚ್ಚುವ ದಿನ ಅದೇ ಫ್ಯಾಬ್ರಿಕೇಟರನ್ನು ಕರೆಯಿರಿ, ಜೋಡಿಸಿದವನಿಗೆ ಬಿಚ್ಚುವುದು ಬೇಗ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ ವೈರ್ ತೆಗೆಸಿ, ಸಿಲಿಂಡರ್ ಹೊರಗೆ ಇಡಿ. ತಗಡಿನ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ ಮೇಲಿನಿಂದ ಕೆಳಕ್ಕೆ ಬಿಚ್ಚಿಸಿ. ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ ದಿನಾಂಕ ಬರುವ ಹಾಗೆ ಫೋಟೋ ತೆಗೆದು, ಒಂದು ಪತ್ರದ ಜೊತೆ ಅದೇ ಕಚೇರಿಗೆ ಕೊಟ್ಟು ಪೋಚ್ ತಗೊಳ್ಳಿ. ಈ ಪತ್ರ ನಿಮ್ಮ ಫೈಲಿನಲ್ಲಿ ಇರುವುದು 52ನೇ ಕಲಂನ ಭಯಕ್ಕೆ ಒಳ್ಳೆಯ ಮದ್ದು.

ಅತ್ತೆಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಇದ್ದದ್ದನ್ನೇ ಹೇಳಿ. ಶೆಡ್ಡು ಹೋಗುತ್ತದೆ, ರೊಟ್ಟಿ ನಿಲ್ಲುವುದಿಲ್ಲ. ಪ್ಲ್ಯಾನ್ ಆಗುವವರೆಗೆ ಬೆಳಗಿನ 5ರಿಂದ 9ರವರೆಗೆ ಒಳಗಿನ ಅಡುಗೆಮನೆ ಅವರದ್ದು, ನಿಮ್ಮ ಅಡುಗೆ ಆಮೇಲೆ. ಆರ್ಡರ್ ಸ್ವಲ್ಪ ಕಡಿಮೆ ತಗೊಳ್ಳಿ. ಹಂಚು, ಕೊಮಣಿಗೆ, ಹಿಟ್ಟಿನ ಡಬ್ಬಿ ಮೂರನ್ನೂ ಇವತ್ತೇ ಒಳಗೆ ತಂದಿಟ್ಟುಬಿಡಿ. ಆರ್ಕಿಟೆಕ್ಟ್ ಅಳತೆಗೆ ಬಂದಾಗ ಅತ್ತೆಯವರನ್ನೂ ಕೂರಿಸಿಕೊಳ್ಳಿ, ಒಲೆಯ ಕಟ್ಟೆ ಎಷ್ಟು ಎತ್ತರ ಇರಬೇಕು ಅಂತ ಅವರೇ ಹೇಳಲಿ.